ಬಾಲ್ಕನಿಯಲ್ಲಿ ಯಾವ ಮದ್ದಿನ ಗಿಡ ಇಡೋಣ?

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಬಾಲ್ಕನಿಗೆ ಬೆಳಗಿನ ಬಿಸಿಲು ಮಾತ್ರ. ಮಳೆಗಾಲ ಶುರುವಾದರೆ ಮಕ್ಕಳಿಗೆ ಶೀತ, ಕೆಮ್ಮು. ಮಗಳಿಗೆ 6 ವರ್ಷ, ಮಗನಿಗೆ 8 ತಿಂಗಳು. ನೀವೆಲ್ಲ ಯಾವ ಗಿಡ ಬೆಳೆಸಿದ್ದೀರಿ, ಹೇಗೆ ಬಳಸುತ್ತೀರಿ?

ಶಿರಸಿ ಕಡೆಯವಳು:
ಮೊದಲು ದೊಡ್ಡಪತ್ರೆ ನೆಡಿ. ಒಂದು ಟೊಂಗೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ನೀರು ಜಾಸ್ತಿಯಾದರೆ ಮಾತ್ರ ಬುಡ ಕೊಳೆಯುತ್ತದೆ. ನಮ್ಮ ಕಡೆ ಇದನ್ನು ಮದ್ದು ಅಂತ ಕುಡಿಸುವುದಕ್ಕಿಂತ ಊಟದಲ್ಲಿ ತಿನ್ನುವುದೇ ಹೆಚ್ಚು. ಹತ್ತು ಹನ್ನೆರಡು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ. ಒಂದು ಹಿಡಿ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಹಾಕಿದರೆ ತಂಬುಳಿ ಆಯಿತು. ಮತ್ತೆ ಕಾಯಿಸಬೇಡಿ, ಮಜ್ಜಿಗೆ ಒಡೆಯುತ್ತದೆ. ಮಗಳಿಗೆ ಬಿಸಿ ಅನ್ನಕ್ಕೆ ಕಲಸಿ ಕೊಡಿ, ಗಂಟಲಿಗೆ ಹಿತ.

ಎರಡನೆಯದು ಒಂದೆಲಗ. ಅಗಲದ ಕುಂಡ, ತೇವದ ಮಣ್ಣು, ಅರೆನೆರಳು ಸಿಕ್ಕರೆ ಹಬ್ಬುತ್ತಲೇ ಹೋಗುತ್ತದೆ. ಇದರದ್ದೂ ತಂಬುಳಿ, ಚಟ್ನಿ ಮಾಡುತ್ತೇವೆ. ಹಸಿಯಾಗಿ ರುಬ್ಬುವುದರಿಂದ ಚೆನ್ನಾಗಿ ತೊಳೆಯಿರಿ. ಚರಂಡಿ ಪಕ್ಕ ಬೆಳೆದದ್ದು ಬೇಡ.

ಮಗನ ವಿಷಯ ಬೇರೆ. ತುಳಸಿ ರಸಕ್ಕೆ ಜೇನು ಹಾಕಿ ನೆಕ್ಕಿಸು ಅಂತ ಮನೆಯಲ್ಲಿ ಹೇಳುತ್ತಾರೆ, ಅಲ್ವಾ? ವರ್ಷ ತುಂಬುವ ತನಕ ಜೇನು ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ. ಬೊಟುಲಿಸಂ ಅನ್ನುತ್ತಾರೆ. ಕಷಾಯವೂ ಬೇಡ. ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಹಾಲು ಕುಡಿಯದಿದ್ದರೆ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ತುಮಕೂರಿನಿಂದ:
ದೊಡ್ಡವರ ಕೆಮ್ಮಿಗೆ ನಮ್ಮಲ್ಲಿ ಆಡುಸೋಗೆ. ಎರಡು ಮೂರು ಎಲೆ, ಮೆಣಸು, ಬೆಲ್ಲ ಹಾಕಿ ಕುದಿಸುತ್ತೇವೆ. ಕಹಿ ಅಂದರೆ ಕಹಿ! ದನ ಕೂಡ ಮೇಯುವುದಿಲ್ಲ, ಅದಕ್ಕೇ ಹೊಲದ ಬೇಲಿಗೆ ಹಾಕುತ್ತೇವೆ. ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಎಂಬ ಇಂಗ್ಲಿಷ್ ಮದ್ದು ಬಂದದ್ದೂ ಈ ಗಿಡದ ವ್ಯಾಸಿಸಿನ್ ಎಂಬ ಅಂಶದ ಜಾಡಿನಲ್ಲೇ. ಬಸುರಿಯರು ಇದನ್ನು ಕುಡಿಯಬಾರದು, ಗರ್ಭಕೋಶ ಹಿಂಡುತ್ತದೆ.

ಅಮೃತಬಳ್ಳಿ ನೆಟ್ಟರೂ ದಿನಾ ಕುಡಿಯಬೇಡಿ. ಕೊರೊನಾ ಕಾಲದಲ್ಲಿ ಸುಮ್ನೆ ಕುಡಿದ ಕೆಲವರ ಲಿವರ್‌ಗೆ ತೊಂದರೆಯಾಯಿತೆಂದು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಅದು ಅದೇ ಬಳ್ಳಿಯೋ, ಹಾಗೇ ಕಾಣುವ ಇನ್ನೊಂದು ಜಾತಿಯೋ ಎಂದು ಆಯುಷ್ ಸಚಿವಾಲಯ ಪ್ರಶ್ನೆ ಎತ್ತಿತ್ತು. ಲಿವರ್ ಕಾಯಿಲೆ ಇರುವವರು, ಶುಗರ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಪುತ್ತೂರಿನಿಂದ:
ಗುರುತಿನ ಮಾತಿಗೆ ನನ್ನದೂ ಒಂದು. ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಗೆ ನಮ್ಮಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇವೆ. ಬೆಳಗ್ಗೆ ಕತ್ತಲಲ್ಲೇ ತೊಗಟೆ ತರುವ ರೂಢಿ. ಹಾಗಾಗಿ ನಮ್ಮ ಮನೆಯಲ್ಲಿ ಹಿಂದಿನ ದಿನ ಹಗಲಿನಲ್ಲೇ ಮರ ನೋಡಿ, ಬುಡಕ್ಕೆ ಗುರುತು ಹಾಕಿ ಬರುತ್ತಾರೆ. ಕತ್ತಲಲ್ಲಿ ಕಾಸರಕ ಎಂಬ ಬೇರೆ ಮರದ ತೊಗಟೆ ಕೈಗೆ ಬಂದರೆ ಪ್ರಾಣಕ್ಕೇ ಅಪಾಯ, ಅದರಲ್ಲಿ ಸ್ಟ್ರಿಕ್ನಿನ್ ವಿಷ ಇದೆ. ನೀವೂ ಗಿಡವನ್ನು ಫೋಟೋ ನೋಡಿ ಆರಿಸಬೇಡಿ. ಬಳಸಿ ಗೊತ್ತಿರುವವರ ಮನೆಯಿಂದ ಟೊಂಗೆ ತನ್ನಿ, ಇಲ್ಲವೇ ಲಾಲ್‌ಬಾಗಿನ ನರ್ಸರಿಯಲ್ಲಿ ವಿಚಾರಿಸಿ.