ಬ್ರೆಕ್ಸಿಟ್ ನಂತರದ ಹಕ್ಕು: ಒಪ್ಪಂದ ಕೊಟ್ಟದ್ದೋ, ಅರ್ಜಿ ಕೊಟ್ಟದ್ದೋ?

ಕಲ್ಲುಸಕ್ಕರೆ (ಪ್ರಶ್ನೆ)

ಬ್ರಿಟನ್ ಯುರೋಪಿಯನ್ ಯೂನಿಯನ್ ಬಿಟ್ಟ ಬಗ್ಗೆ ಓದುವಾಗ ಎರಡು ವಾದಗಳು ಕಾಣುತ್ತವೆ. ಯೂನಿಯನ್ನಿನ ಪೌರತ್ವ ಒಮ್ಮೆ ಸಿಕ್ಕಿದರೆ ಅದು ವ್ಯಕ್ತಿಯ ಸ್ವತ್ತು, ದೇಶ ಹೊರಬಂದ ಮಾತ್ರಕ್ಕೆ ಕಿತ್ತುಕೊಳ್ಳುವಂತಿಲ್ಲ ಎನ್ನುವುದು ಒಂದು. ಇದಕ್ಕೆ ರಾಷ್ಟ್ರಗಳ ನಡುವಿನ ಒಪ್ಪಂದಗಳ ನಿಯಮ ಹೇಳುವ ವಿಯೆನ್ನಾ ಒಡಂಬಡಿಕೆಯ 70ನೇ ವಿಧಿಯನ್ನು ಆಧಾರವಾಗಿ ತೋರಿಸುತ್ತಾರೆ. ಬ್ರಿಟನ್ ಹೊರಬರುವಾಗ ಯೂನಿಯನ್ನಿನೊಂದಿಗೆ ಮಾಡಿಕೊಂಡ ನಿರ್ಗಮನ ಒಪ್ಪಂದದಲ್ಲಿ ಬರೆದಿರುವಷ್ಟೇ ಹಕ್ಕು, ಉಳಿದದ್ದು ಹೋಯಿತು ಎನ್ನುವುದು ಇನ್ನೊಂದು. ಕಾನೂನು ಯಾರ ಕಡೆಗಿದೆ? ವರ್ಷಗಟ್ಟಲೆ ಲಂಡನ್ನಿನಲ್ಲಿ ದುಡಿದು ತೆರಿಗೆ ಕಟ್ಟಿದವರೂ ಮತ್ತೆ ಅರ್ಜಿ ಹಾಕಬೇಕಾಗಿ ಬಂದದ್ದು ಏಕೆ? ಪ್ರಿ-ಸೆಟಲ್ಡ್ ಸ್ಟೇಟಸ್ (ಶಾಶ್ವತ ವಾಸದ 'ಸೆಟಲ್ಡ್' ಸ್ಟೇಟಸ್ ಸಿಗುವ ಮೊದಲಿನ ತಾತ್ಕಾಲಿಕ ವಾಸದ ಸ್ಥಾನ) ಇರುವವರು ಈಗ ಏನು ನೋಡಿಕೊಳ್ಳಬೇಕು?

ತಾಳೆಗರಿ

70ನೇ ವಿಧಿಯನ್ನು ಹಿಡಿದುಕೊಂಡರೆ ದಡ ಸೇರುವುದಿಲ್ಲ. ಅದು ಕಾಪಾಡುವುದು ಒಪ್ಪಂದಕ್ಕೆ ಸಹಿ ಹಾಕಿದ ರಾಷ್ಟ್ರಗಳ ನಡುವಿನ ಹಕ್ಕುಬಾಧ್ಯತೆಗಳನ್ನು, ವ್ಯಕ್ತಿಗಳ ಹಕ್ಕನ್ನಲ್ಲ. 2016ರ ಡಿಸೆಂಬರಿನಲ್ಲಿ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿ ಇದೇ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ, ಜನರ ಹಕ್ಕು ಉಳಿಯಬೇಕಾದರೆ ನಿರ್ಗಮನ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು ಎಂದಿತ್ತು.

ಪೌರತ್ವದ ವಾದವೂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಫ್ರಾನ್ಸಿನ ಗೆರ್ಸ್ ಜಿಲ್ಲೆಯಲ್ಲಿ ದಶಕಗಳಿಂದ ನೆಲೆಸಿದ್ದ ಬ್ರಿಟಿಷ್ ಪ್ರಜೆಯೊಬ್ಬರ ಹೆಸರನ್ನು ಸ್ಥಳೀಯ ಚುನಾವಣೆಯ ಮತದಾರರ ಪಟ್ಟಿಯಿಂದ ತೆಗೆಯಲಾಗಿತ್ತು. ಹದಿನೈದು ವರ್ಷಕ್ಕಿಂತ ಹೆಚ್ಚು ಹೊರಗಿದ್ದವರಿಗೆ ಬ್ರಿಟನ್ನಿನಲ್ಲೂ ಆಗ ಮತವಿರಲಿಲ್ಲ. ಅಂದರೆ ಎರಡೂ ಕಡೆ ಮತವಿಲ್ಲದ ಸ್ಥಿತಿ. ಇಷ್ಟಾದರೂ 2022ರ ಜೂನ್ 9ರಂದು ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ ಹೇಳಿದ್ದು ಇದು: ಯೂನಿಯನ್ನಿನ ಪೌರತ್ವ ಸದಸ್ಯ ರಾಷ್ಟ್ರದ ಪೌರತ್ವಕ್ಕೆ ಅಂಟಿಕೊಂಡದ್ದು, ರಾಷ್ಟ್ರ ಹೊರಹೋದರೆ ಅದೂ ಹೋಗುತ್ತದೆ. ಗ್ರೀನ್‌ಲ್ಯಾಂಡ್ 1985ರಲ್ಲೇ ಯುರೋಪಿಯನ್ ಸಮುದಾಯ ಬಿಟ್ಟಿತು, ಆದರೂ ಅಲ್ಲಿನವರು ಯೂನಿಯನ್ನಿನ ಪೌರರೇ, ಏಕೆಂದರೆ ಅವರು ಡೆನ್ಮಾರ್ಕಿನ ಪ್ರಜೆಗಳು. ಇದು ತೀರ್ಪಿಗೆ ವಿರುದ್ಧವಲ್ಲ, ಅದೇ ತತ್ತ್ವದ ಇನ್ನೊಂದು ಮುಖ.

ಹಾಗಾಗಿ ನಿಮ್ಮ ಎರಡನೇ ವಾದವೇ ಸರಿ. ಉಳಿದದ್ದು ನಿರ್ಗಮನ ಒಪ್ಪಂದದ ಎರಡನೇ ಭಾಗ, 9ರಿಂದ 39ರವರೆಗಿನ ವಿಧಿಗಳು. ಬ್ರೆಕ್ಸಿಟ್‌ನ ಪರಿವರ್ತನಾ ಅವಧಿ ಮುಗಿದ 2020ರ ಡಿಸೆಂಬರ್ 31ಕ್ಕೆ ಮೊದಲು ಯೂನಿಯನ್ ಕಾನೂನಿನಂತೆ ಬ್ರಿಟನ್ನಿನಲ್ಲಿ ನೆಲೆಸಿ, ನಂತರವೂ ಮುಂದುವರಿದವರಿಗೆ ಆ ರಕ್ಷಣೆ. ಷರತ್ತು ಪೂರೈಸುತ್ತಿರುವವರೆಗೆ ಅದು ಜೀವನಪೂರ್ತಿ ಎಂದು 39ನೇ ವಿಧಿ ಹೇಳುತ್ತದೆ. 4ನೇ ವಿಧಿಯ ಪ್ರಕಾರ ಇದನ್ನು ನೇರವಾಗಿ ಬ್ರಿಟನ್ನಿನ ಕೋರ್ಟಿನಲ್ಲಿ ಎತ್ತಬಹುದು. ಈ ಒಂದು ಸಾಲಿನ ಬೆಲೆ ದೊಡ್ಡದು. ಮುಂದೆ ಯಾವ ಸರ್ಕಾರ ಬಂದರೂ ಸಾಮಾನ್ಯ ವಲಸೆ ನಿಯಮ ತಿದ್ದಿದಷ್ಟು ಸುಲಭವಾಗಿ ಇದನ್ನು ತಿದ್ದಲಾಗದು.

ಅಂಚೆಪೆಟ್ಟಿಗೆ

ಅರ್ಜಿ ಏಕೆ ಎಂಬುದಕ್ಕೆ ಉತ್ತರ 18ನೇ ವಿಧಿಯಲ್ಲಿದೆ. ಅದು ದೇಶಗಳಿಗೆ ಎರಡು ದಾರಿ ಬಿಟ್ಟಿತು. ಒಂದರಲ್ಲಿ ಹಕ್ಕು ಕಾನೂನಿನಿಂದಲೇ ಇರುತ್ತದೆ, ಕಾರ್ಡು ಬರೀ ಪುರಾವೆ. ಜರ್ಮನಿ, ಸ್ಪೇನ್, ಇಟಲಿ, ಪೋರ್ಚುಗಲ್ ಇದನ್ನು ಆರಿಸಿಕೊಂಡವು. ಇನ್ನೊಂದರಲ್ಲಿ ಗಡುವಿನೊಳಗೆ ಅರ್ಜಿ ಹಾಕಿ ಸ್ಟೇಟಸ್ ಪಡೆಯಬೇಕು, ಇಲ್ಲದಿದ್ದರೆ ಕಾನೂನುಬದ್ಧ ವಾಸವೇ ಇಲ್ಲ. ಬ್ರಿಟನ್ ಹಿಡಿದದ್ದು ಈ ಎರಡನೇ ದಾರಿ. ಫ್ರಾನ್ಸ್, ನೆದರ್‌ಲ್ಯಾಂಡ್ಸ್, ಸ್ವೀಡನ್, ಡೆನ್ಮಾರ್ಕ್ ಸೇರಿ ಯೂನಿಯನ್ನಿನ 13 ದೇಶಗಳೂ ಇದನ್ನೇ ಹಿಡಿದವು.

ಎರಡನೇ ದಾರಿ ಮೊದಲಿನಿಂದಲೂ ಅನ್ಯಾಯದ್ದು ಎಂಬುದು ನನ್ನ ಅಭಿಪ್ರಾಯ. ಹಕ್ಕಿದ್ದೂ ಕಾಗದವಿಲ್ಲದ ವೃದ್ಧರು, ಸರ್ಕಾರದ ಪಾಲನೆಯಲ್ಲಿರುವ ಮಕ್ಕಳು, ಹಳೆಯ 'ಪರ್ಮನೆಂಟ್ ರೆಸಿಡೆನ್ಸ್' ಕಾರ್ಡು ಕೈಯಲ್ಲಿದೆಯಲ್ಲ ಎಂದು ಸುಮ್ಮನಿದ್ದವರು, ಇವರೇ ಸಿಕ್ಕಿಬಿದ್ದದ್ದು. ಆ ಕಾರ್ಡು 2021ರ ಜೂನ್ 30ರ ನಂತರ ಬ್ರಿಟನ್ನಿನಲ್ಲಿ ಅಸಿಂಧು. ಅದೇ ದಿನ ಅರ್ಜಿಯ ಗಡುವೂ ಮುಗಿಯಿತು. ಡೆನ್ಮಾರ್ಕ್ 2023ರಲ್ಲಿ ತಡವಾದವರಿಗೆ ಮತ್ತೆ ಬಾಗಿಲು ತೆರೆಯಿತು. ಬ್ರಿಟನ್ನಿನಲ್ಲಿ ತಡವಾದ ಅರ್ಜಿಗೆ ಸಕಾರಣ ತೋರಿಸಬೇಕು, ಮತ್ತು 2023ರ ಆಗಸ್ಟಿನಿಂದ ಆ ಪರೀಕ್ಷೆ ಬಿಗಿಯಾಗಿದೆ.

ಪ್ರಿ-ಸೆಟಲ್ಡ್ ವಿಷಯದಲ್ಲಿ ಮಾತ್ರ ಕೋರ್ಟು ಸರ್ಕಾರದ ಕೈ ಹಿಡಿದು ನಿಲ್ಲಿಸಿತು. ಐದು ವರ್ಷದೊಳಗೆ ಎರಡನೇ ಅರ್ಜಿ ಹಾಕದಿದ್ದರೆ ಹಕ್ಕೇ ಹೋಗುತ್ತದೆ ಎಂಬುದು ಗೃಹ ಇಲಾಖೆಯ ನಿಯಮವಾಗಿತ್ತು. ಪೌರರ ಹಕ್ಕುಗಳ ಮೇಲ್ವಿಚಾರಣೆಗೆಂದೇ ಒಪ್ಪಂದದಡಿ ಸ್ಥಾಪಿಸಿದ ಸ್ವತಂತ್ರ ಪ್ರಾಧಿಕಾರ ಇದನ್ನು ಪ್ರಶ್ನಿಸಿತು. 2022ರ ಡಿಸೆಂಬರಿನಲ್ಲಿ ಹೈಕೋರ್ಟು ಆ ನಿಯಮ ಒಪ್ಪಂದಕ್ಕೆ ವಿರುದ್ಧ ಎಂದಿತು. ಒಮ್ಮೆ ಸಿಕ್ಕ ವಾಸದ ಹಕ್ಕು ಎರಡನೇ ಅರ್ಜಿ ಹಾಕಲಿಲ್ಲ ಎಂಬ ಕಾರಣಕ್ಕೆ ಹೋಗದು, ಷರತ್ತು ತುಂಬಿದ ದಿನ ಶಾಶ್ವತ ವಾಸದ ಹಕ್ಕು ತಾನಾಗಿ ಬರುತ್ತದೆ. ಅದರ ಫಲವಾಗಿ ಅವಧಿ ತಾನಾಗಿ ವಿಸ್ತರಣೆಯಾಗುತ್ತಿದೆ. 2025ರಿಂದ, ಸರ್ಕಾರಿ ದಾಖಲೆಯಲ್ಲೇ ಅರ್ಹತೆ ಕಾಣುವವರನ್ನು ಅರ್ಜಿಯಿಲ್ಲದೆ ಸೆಟಲ್ಡ್‌ಗೆ ಬದಲಾಯಿಸುವುದೂ ಶುರುವಾಗಿದೆ.

ಮಳೆಬಿಲ್ಲು

ಹಾಗೆಂದು ತಾನಾಗಿ ಬದಲಾಗಲಿ ಎಂದು ಕಾಯಬೇಡಿ. ಆ ವ್ಯವಸ್ಥೆ ನೋಡುವುದು ನ್ಯಾಷನಲ್ ಇನ್ಶೂರೆನ್ಸ್ ನಂಬರಿಗೆ ಅಂಟಿದ ತೆರಿಗೆ ಮತ್ತು ಭತ್ಯೆಯ ದಾಖಲೆ. ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡವರು, ವಿದ್ಯಾರ್ಥಿಗಳು, ವಯಸ್ಸಾದವರು ಅಲ್ಲಿ ಕಾಣದೇ ಇರಬಹುದು. ಅರ್ಜಿಗೆ ಶುಲ್ಕವಿಲ್ಲ, ಅರ್ಹತೆ ಬಂದ ಕೂಡಲೇ ಹಾಕಿ.

ಸೆಟಲ್ಡ್ ಆಗಲು ಹಳೆಯ ಲೆಕ್ಕದಲ್ಲಿ ಸತತ ಐದು ವರ್ಷದ ವಾಸ ಬೇಕು, ಯಾವುದೇ 12 ತಿಂಗಳಲ್ಲಿ ಒಟ್ಟು ಆರು ತಿಂಗಳಿಗಿಂತ ಹೆಚ್ಚು ಹೊರಗಿರಬಾರದು. ಹೆರಿಗೆ, ಗಂಭೀರ ಕಾಯಿಲೆ, ಓದು, ಹೊರದೇಶದ ಕೆಲಸದ ನಿಯೋಜನೆಯಂಥ ಮುಖ್ಯ ಕಾರಣಕ್ಕೆ ಒಮ್ಮೆ 12 ತಿಂಗಳವರೆಗೆ ವಿನಾಯಿತಿ. 2025ರ ಜುಲೈಯಿಂದ ಪ್ರಿ-ಸೆಟಲ್ಡ್ ಇರುವವರಿಗೆ ಇನ್ನೊಂದು ಲೆಕ್ಕವೂ ಇದೆ: ಕಳೆದ 60 ತಿಂಗಳಲ್ಲಿ ಒಟ್ಟು 30 ತಿಂಗಳು ಬ್ರಿಟನ್ನಿನಲ್ಲಿದ್ದರೆ ಸಾಕು. ಮೊದಲ ಲೆಕ್ಕದಲ್ಲಿ ಸೋತವರು ಎರಡನೆಯದನ್ನು ಹಾಕಿ ನೋಡಲೇಬೇಕು.

ಪುರಾವೆಯನ್ನು ತಿಂಗಳ ಪ್ರಕಾರ ಹಾಳೆಯ ಮೇಲೆ ಬರೆದುಕೊಳ್ಳಿ. ಇಡೀ ವರ್ಷಕ್ಕೆ ಪಿ60 (ಕೆಲಸ ಕೊಟ್ಟವರು ಕೊಡುವ ವರ್ಷದ ಸಂಬಳ-ತೆರಿಗೆ ಪತ್ರ) ಅಥವಾ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಮನೆ ತೆರಿಗೆ) ಬಿಲ್ಲು ಗಟ್ಟಿ. ಬಿಡಿ ಬಿಲ್ಲು ಆ ಒಂದು ತಿಂಗಳಿಗಷ್ಟೇ ನಿಲ್ಲುತ್ತದೆ. ಹತ್ತು ತಿಂಗಳ ಅಂತರವನ್ನು ಒಂದು ಬ್ಯಾಂಕ್ ಪತ್ರದಿಂದ ಮುಚ್ಚಲು ಹೋಗಿ ಎಡವುವವರು ಬಹಳ.

ಇನ್ನೊಂದು ಎಡವಟ್ಟು ಪಾಸ್‌ಪೋರ್ಟಿನದು. ಸ್ಟೇಟಸ್ ಪೂರ್ತಿ ಡಿಜಿಟಲ್, ಕೈಗೆ ಕಾರ್ಡು ಬರುವುದಿಲ್ಲ. ಪಾಸ್‌ಪೋರ್ಟ್ ಹೊಸದಾದಾಗ ಆನ್‌ಲೈನ್ ಖಾತೆಯಲ್ಲಿ ನಂಬರ್ ಬದಲಿಸದಿದ್ದರೆ ವಿಮಾನದ ಕೌಂಟರಿನಲ್ಲಿ ಸ್ಟೇಟಸ್ ಕಾಣದು. ಕೆಲಸ ಕೊಡುವವರಿಗೆ, ಮನೆ ಬಾಡಿಗೆ ಕೊಡುವವರಿಗೆ ಸ್ಟೇಟಸ್ ಆನ್‌ಲೈನಿನಲ್ಲಿ ನೋಡಲು ಕೊಡುವ ಶೇರ್ ಕೋಡ್ 90 ದಿನಕ್ಕೆ ಮುಗಿಯುತ್ತದೆ, ಪ್ರತಿಸಲ ಹೊಸದು ತೆಗೆಯಬೇಕು. ಖಾತೆಗೆ ಕೊಟ್ಟ ಮೊಬೈಲ್ ನಂಬರನ್ನು ಹಾಗೇ ಬಿಟ್ಟುಬಿಡಬೇಡಿ, ಲಾಗಿನ್ ಕೋಡ್ ಅದಕ್ಕೇ ಬರಬಹುದು.

ಕಲ್ಲುಸಕ್ಕರೆ

ಧನ್ಯವಾದ. ಪೋರ್ಚುಗಲ್ ಪಾಸ್‌ಪೋರ್ಟ್ ಇದ್ದು ಬ್ರಿಟನ್ನಿನಲ್ಲಿ ಸ್ಟೇಟಸ್ ಪಡೆದವರನ್ನು ಮದುವೆಯಾದ ಭಾರತೀಯರಿಗೂ ಇದು ಅನ್ವಯಿಸುತ್ತದೆಯೇ?

ತಾಳೆಗರಿ

ಮದುವೆಯ ತಾರೀಖು ನೋಡಿ. 2020ರ ಡಿಸೆಂಬರ್ 31ರೊಳಗೆ ಮದುವೆಯಾಗಿ, ಸಂಬಂಧ ಈಗಲೂ ಇದ್ದರೆ ಒಪ್ಪಂದದ ರಕ್ಷಣೆ ಇದೆ. ಬ್ರಿಟನ್ನಿಗೆ ಬರಲು ಕುಟುಂಬದವರಿಗೆ ಕೊಡುವ ಫ್ಯಾಮಿಲಿ ಪರ್ಮಿಟ್ ಉಚಿತ. ಬ್ರಿಟನ್ನಿಗೆ ಬಂದ ಮೂರು ತಿಂಗಳೊಳಗೆ ಸ್ಟೇಟಸ್ ಅರ್ಜಿ ಹಾಕಬೇಕು. ಮದುವೆ ಆಮೇಲೆ ಆದದ್ದಾದರೆ, ಆ ತಾರೀಖಿಗೇ ದೀರ್ಘಕಾಲದ ಸಂಗಾತಿಯಾಗಿದ್ದಿರಿ ಎಂದು ತೋರಿಸಬೇಕು, ಸಾಮಾನ್ಯವಾಗಿ ಎರಡು ವರ್ಷ ಜೊತೆಗಿದ್ದ ಪುರಾವೆ ಕೇಳುತ್ತಾರೆ. ಅದೂ ಇಲ್ಲದಿದ್ದರೆ ಸಾಮಾನ್ಯ ಕುಟುಂಬ ವೀಸಾ: ಸ್ಪಾನ್ಸರ್‌ಗೆ ವರ್ಷಕ್ಕೆ 29,000 ಪೌಂಡ್ ಆದಾಯದ ಮಿತಿ, ಮೇಲೆ ಶುಲ್ಕ. ಒಪ್ಪಂದದ ವ್ಯಾಪ್ತಿಯಲ್ಲಿರುವವರಿಗೆ ಆಮೇಲೆ ಹುಟ್ಟಿದ ಮಕ್ಕಳಿಗೆ ರಕ್ಷಣೆ ಇದೆ, ಆದರೆ ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆಗಳಲ್ಲದಿದ್ದರೆ ಅವರಿಗೂ ಅರ್ಜಿ ಹಾಕಬೇಕು.

ಅಂಚೆಪೆಟ್ಟಿಗೆ

ಒಂದು ಸೇರಿಸುತ್ತೇನೆ. ಅರ್ಜಿ ತಿರಸ್ಕೃತವಾದರೆ 2023ರ ಅಕ್ಟೋಬರ್ 5ರಿಂದೀಚಿನ ತೀರ್ಮಾನಗಳಿಗೆ ಇಲಾಖೆಯೊಳಗಿನ ಮರುಪರಿಶೀಲನೆ ಇಲ್ಲ, ಟ್ರಿಬ್ಯೂನಲ್‌ಗೆ ಮೇಲ್ಮನವಿಯೇ ದಾರಿ. ಬ್ರಿಟನ್ನಿನಲ್ಲಿದ್ದರೆ 14 ದಿನ, ಹೊರಗಿದ್ದರೆ 28 ದಿನ. ಪುರಾವೆ ಕಡಿಮೆ ಎಂಬ ಒಂದೇ ಕಾರಣಕ್ಕೆ ತಿರಸ್ಕಾರವಾಗಿದ್ದರೆ, ಮೇಲ್ಮನವಿಗಿಂತ ಪೂರ್ಣ ದಾಖಲೆಯೊಂದಿಗೆ ಹೊಸ ಅರ್ಜಿ ಬೇಗ ಮುಗಿಯಬಹುದು. ಆದರೆ ಗಡುವು ದಾಟಿದ ಹೊಸ ಅರ್ಜಿಗೆ ಮತ್ತೆ ಸಕಾರಣ ತೋರಿಸಬೇಕಾಗುತ್ತದೆ. ಹಾಗಾಗಿ ಆ 14 ದಿನದೊಳಗೇ ವಲಸೆ ಕಾನೂನಿನ ಸಲಹೆಗಾರರ ಬಳಿ ಹೋಗಿ ಎರಡರಲ್ಲಿ ಯಾವುದೆಂದು ತೀರ್ಮಾನಿಸಿಕೊಳ್ಳಿ.