ಪೇರಲ ಬೇರಿನಲ್ಲಿ ಗಂಟು: ಹುಳು ಯಾವ ಚಿತ್ರಕ್ಕೂ ಹೊಂದುತ್ತಿಲ್ಲ, ಹೊಸ ಪ್ರಭೇದವೇ?

ಬೇರುಹುಡುಕಿ, ಕೋಥ್ರೂಡ್, ಪುಣೆ:
ನಮಸ್ಕಾರ. ಸಾಸವಡ ಹತ್ತಿರ ನಮ್ಮ ಮಾವನವರ ಪೇರಲ ತೋಟವಿದೆ. ಗಿಡ ಇನ್ನೂ ಎಳೆಯವು. ಎಲೆ ಕೆಂಪಾಗಿ ಉದುರುತ್ತಿವೆ, ಕಾಯಿ ದಪ್ಪ ಆಗುತ್ತಿಲ್ಲ. ನೀರು, ಗೊಬ್ಬರಕ್ಕೆ ಕೊರತೆ ಇಲ್ಲ. ಅಗೆದು ನೋಡಿದರೆ ಬೇರೆಲ್ಲ ಹಸಿ ಶುಂಠಿಯ ಹಾಗೆ ಉಬ್ಬಿದೆ. ಬೇರುಗಂಟು ಜಂತುಹುಳು (ನೆಮಟೋಡ್) ಎನ್ನುವುದು ಖಚಿತ.

ಗಂಟು ಬಿಡಿಸಿ ಹೆಣ್ಣು ಹುಳು ತೆಗೆದೆ. ಹಿಂಭಾಗದ ಚರ್ಮ ಕತ್ತರಿಸಿ ಗ್ಲಿಸರಿನ್‌ನಲ್ಲಿ ಸ್ಲೈಡ್ ಮಾಡಿದೆ. ಅಲ್ಲಿನ ಗೆರೆ ನೋಡಿ ಪ್ರಭೇದ ಗುರುತಿಸುತ್ತಾರಲ್ಲ; ಇನ್‌ಕಾಗ್ನಿಟಾ, ಜಾವಾನಿಕಾ, ಹಾಪ್ಲಾ ಇವೆಲ್ಲ ಸಾಮಾನ್ಯ ಬೇರುಗಂಟು ಹುಳುವಿನ ಪ್ರಭೇದಗಳು. ಗೆರೆಗಳ ಕಮಾನು ಎತ್ತರವಿದೆ, ಆದರೆ ಇನ್‌ಕಾಗ್ನಿಟಾದ ಹಾಗೆ ಚೌಕವಲ್ಲ, ದುಂಡಗೆ. ಜಾವಾನಿಕಾದ ಪಕ್ಕದ ಗೆರೆ ಇಲ್ಲ, ಹಾಪ್ಲಾದ ಚುಕ್ಕೆಯೂ ಇಲ್ಲ. ಕೆಲವು ಸ್ಲೈಡ್ ಮಾತ್ರ ಪಕ್ಕಾ ಇನ್‌ಕಾಗ್ನಿಟಾ. ಇದು ಹೊಸದಿರಬಹುದಾ?

ಮುಠಾದಂಡೆ:
ಅಕ್ಕಾ, ನಾಮಕರಣಕ್ಕೆ ಅವಸರ ಬೇಡ 🙂 ಗಿಡ ಎಲ್ಲಿಂದ ತಂದಿರಿ?

ಬೇರುಹುಡುಕಿ:
ಹೊರರಾಜ್ಯದ ಒಂದು ನರ್ಸರಿಯಿಂದ, ಮಣ್ಣಿನ ಚೀಲದ ಸಮೇತ.

ಹಳೇಲೆನ್ಸ್, ಪಿಂಪ್ರಿ:
ಹಾಗಾದರೆ ನನ್ನ ಅನುಮಾನ ಮೆಲೊಯ್ಡೊಗೈನಿ ಎಂಟರೊಲೋಬಿ ಮೇಲೆ, ಅದೂ ಬೇರುಗಂಟು ಹುಳುವಿನ ಒಂದು ಪ್ರಭೇದ. ಚೀನಾದ ಹೈನಾನ್ ದ್ವೀಪದ ಒಂದು ಮರದಿಂದ 1983ರಲ್ಲಿ ಇದನ್ನು ವರ್ಣಿಸಿದರು. 1988ರಲ್ಲಿ ಪೋರ್ಟೊರಿಕೊದಿಂದ ಮಾಯಾಗ್ವೆನ್ಸಿಸ್ ಅಂತ ಇನ್ನೊಂದು 'ಹೊಸ' ಪ್ರಭೇದ ಬಂತು. ಆಮೇಲೆ ನೋಡಿದರೆ ಎರಡೂ ಒಂದೇ! ಪರಿಣತರಿಗೇ ಹೀಗಾಗಿದೆ ನೋಡಿ. ನಮ್ಮಲ್ಲಿ ತಮಿಳುನಾಡಿನ ಪೇರಲ ತೋಟಗಳಿಂದ 2016ರಲ್ಲಿ ವರದಿಯಾಯಿತು.

ಹಿಂಭಾಗದ ಗೆರೆ ನಂಬಿ ತೀರ್ಪು ಕೊಡಬೇಡಿ. ಎಂಟರೊಲೋಬಿಯ ಗೆರೆ ಇನ್‌ಕಾಗ್ನಿಟಾಕ್ಕೆ ತುಂಬಾ ಹತ್ತಿರ. ಮರಿಗಳ ಅಳತೆಯೂ ಅಷ್ಟೇ. ಎರಡನೇ ಹಂತದ ಮರಿ ಎಂಟರೊಲೋಬಿಯಲ್ಲಿ ಸರಾಸರಿ 437 ಮೈಕ್ರಾನ್ ಆಸುಪಾಸು. ಇನ್‌ಕಾಗ್ನಿಟಾದ ಕೆಲವು ಮರಿಗಳೂ ಅಷ್ಟು ಉದ್ದ ಇರುತ್ತವೆ.

ಇನ್ನೊಂದು ವಿಷಯ. ಒಂದೇ ಬೇರಿನಲ್ಲಿ ಎರಡು ಪ್ರಭೇದ ಇರಬಹುದು. ನಿಮ್ಮ ಸ್ಲೈಡ್‌ಗಳು ಒಂದೊಂದು ಒಂದೊಂದು ಥರ ಅಂದಿರಲ್ಲ, ನನಗೆ ಅಲ್ಲೇ ಅನುಮಾನ. ಗಂಟಿನ ಮೇಲೆ ಅಂಟಿನಂಥ ಮೊಟ್ಟೆ ಗೊಂಚಲು ಇರುತ್ತೆ. ಒಂದೇ ಗೊಂಚಲು ತೆಗೆದು ಒಂದು ಕುಂಡದ ಟೊಮೇಟೊ ಸಸಿಗೆ ಹಾಕಿ. ಮಣ್ಣು ಮೊದಲೇ ಆವಿಯಲ್ಲಿ ಬೇಯಿಸಿರಲಿ. ಇಂಥ ಕುಂಡ ನಾಲ್ಕಾರು ಮಾಡಿ. ಬೆಚ್ಚಗಿದ್ದರೆ ಒಂದು ತಿಂಗಳೊಳಗೆ ಹೊಸ ಹೆಣ್ಣು ಸಿಗುತ್ತವೆ. ಡಿಎನ್‌ಎಗೆ ಕಳಿಸುವುದನ್ನು ಆಲ್ಕೋಹಾಲ್‌ನಲ್ಲಿಡಿ, ಫಾರ್ಮಲಿನ್ ಹತ್ತಿರ ತರಬೇಡಿ. ಎಸ್ಟರೇಸ್ ಪರೀಕ್ಷೆಗಾದರೆ (ಹುಳುವಿನ ಕಿಣ್ವ ನೋಡಿ ಪ್ರಭೇದ ಗುರುತಿಸುವುದು) ಜೀವಂತ, ಹಾಲುಬಿಳಿ ಹೆಣ್ಣೇ ಬೇಕು.

ಮುಠಾದಂಡೆ:
ಸುಮ್ನೆ ಮಿ ಜೀನ್ (ಬೇರುಗಂಟು ಹುಳು ತಡೆಯೋ ಜೀನ್) ಇರೋ ಟೊಮೇಟೊ ನೆಟ್ಟರೆ ಆಗಲ್ವಾ? ಗಂಟು ಬಂದರೆ ಎಂಟರೊಲೋಬಿ, ಇಲ್ಲದಿದ್ದರೆ ಇನ್‌ಕಾಗ್ನಿಟಾ.

ಹಳೇಲೆನ್ಸ್:
ಉಪಾಯ ಒಳ್ಳೇದೇ. ಎಂಟರೊಲೋಬಿ ಆ ಜೀನ್‌ಗೆ ಬಗ್ಗಲ್ಲ. ಆದರೆ ಮಣ್ಣು 28 ಡಿಗ್ರಿ ದಾಟಿದರೆ ಜೀನ್‌ನ ಆಟ ನಿಲ್ಲುತ್ತೆ, ಆಗ ಇನ್‌ಕಾಗ್ನಿಟಾವೂ ಗಂಟು ಮಾಡುತ್ತೆ. ಪುಣೆಯ ಏಪ್ರಿಲ್‌ನಲ್ಲಿ ಟೆರೇಸ್ ಮೇಲಿನ ಕಪ್ಪು ಕುಂಡ ಎಷ್ಟು ಕಾಯುತ್ತೆ ಗೊತ್ತಲ್ಲ? ಡಿಸೆಂಬರ್‌ನಲ್ಲಿ ಮಾಡಿದರೆ ನಂಬಬಹುದು. ಆಗಲೂ ಅದು ಸುಳಿವು ಮಾತ್ರ.

ಬೇರುಹುಡುಕಿ:
ಫಲಿತಾಂಶ ಬಂತು. ಕುಂಡಗಳಲ್ಲಿ ಬೆಳೆಸಿದ ಹುಳುಗಳ ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪರೀಕ್ಷೆ) ಮಾಡಿಸಿದೆ, ಮೈಟೊಕಾಂಡ್ರಿಯದ ಡಿಎನ್‌ಎ ತುಣುಕು. ಹೆಚ್ಚಿನ ಕುಂಡಗಳಲ್ಲಿ ಸುಮಾರು 705 ಬೇಸ್ (ಡಿಎನ್‌ಎಯ ಅಕ್ಷರ) ಉದ್ದದ ಪಟ್ಟಿ ಬಂದಿದೆ. ಒಂದರಲ್ಲಿ ಮಾತ್ರ ಸುಮಾರು 1,700. ಅಂದರೆ ನೀವಂದ ಹಾಗೆ ಬೆರಕೆಯಾ?

ಹಳೇಲೆನ್ಸ್:
ಹೌದು, ಬೆರಕೆ. 705 ಎಂಟರೊಲೋಬಿಯ ಗುರುತು. 1,700ರದ್ದು ಇನ್‌ಕಾಗ್ನಿಟಾ ಅಥವಾ ಜಾವಾನಿಕಾ, ಎರಡಕ್ಕೂ ಅದೇ ಅಳತೆ. ನಿಮ್ಮ ಗೆರೆ ನೋಡಿದರೆ ಇನ್‌ಕಾಗ್ನಿಟಾ, ಆದರೂ ಅದರದೇ ಪ್ರೈಮರ್ (ಆ ಪ್ರಭೇದದ ಡಿಎನ್‌ಎಗೆ ಮಾತ್ರ ಅಂಟುವ ಚಿಕ್ಕ ತುಣುಕು) ಹಾಕಿಸಿ ನೋಡಿ. 705ರದ್ದನ್ನು ಸೀಕ್ವೆನ್ಸ್ ಮಾಡಿಸಿ (ಅಕ್ಷರಗಳ ಕ್ರಮ ಓದಿಸಿ), ಎಂಟರೊಲೋಬಿಯದರ ಜೊತೆ ತಾಳೆ ನೋಡಿ. ಅಲ್ಲಿ ಹೊಂದದೇ ಹೋದರೆ ಮಾತ್ರ ಹೊಸ ಪ್ರಭೇದದ ಮಾತು. ಆಗಲೂ ಗಂಡು, ಹೆಣ್ಣು, ಮರಿ ಎಲ್ಲದರ ಅಳತೆ ಬೇಕು. ಮಾದರಿ ಸ್ಲೈಡ್‌ಗಳನ್ನು ದೆಹಲಿಯ ರಾಷ್ಟ್ರೀಯ ನೆಮಟೋಡ್ ಸಂಗ್ರಹದಂಥ ಕಡೆ ಇಡಬೇಕು. ಅದು ಟೆರೇಸ್ ಮೇಲೆ ಮುಗಿಯುವ ಕೆಲಸವಲ್ಲ. ರಾಹುರಿ ಕೃಷಿ ವಿದ್ಯಾಪೀಠದಲ್ಲಿ ನೆಮಟೋಡ್ ಕೆಲಸ ಮಾಡುವವರಿದ್ದಾರೆ, ಅವರಿಗೆ ಸ್ಲೈಡ್ ತೋರಿಸಿ.

ತೋಟದ ಕೆಲಸ ಮಾತ್ರ ಅಲ್ಲಿಯವರೆಗೆ ಕಾಯಬಾರದು. ಮಾವನವರಿಗೆ ಹೇಳಿ, ಆ ತೋಟದ ಮಣ್ಣು, ಸಸಿ ಎರಡೂ ಹೊರಗೆ ಹೋಗಬಾರದು. ಸನಿಕೆ, ಟ್ರ್ಯಾಕ್ಟರ್ ಗಾಲಿ ತೊಳೆದೇ ಬೇರೆ ಹೊಲಕ್ಕೆ ಒಯ್ಯಲಿ. ಸಾಲಿನ ನಡುವೆ ಟೊಮೇಟೊ, ಬದನೆ, ಮೆಣಸಿನಕಾಯಿ ಬೇಡವೇ ಬೇಡ. ಇನ್ನು ಮುಂದೆ ಸಸಿ ಕೊಳ್ಳುವಾಗ ಒಂದೆರಡು ಚೀಲ ಹರಿದು ಬೇರು ನೋಡಿ. ನರ್ಸರಿಯವರು ಮುಖ ಸಿಂಡರಿಸಿದರೆ ಆ ಚೀಲದ ದುಡ್ಡು ಕೊಟ್ಟುಬಿಡಿ.