ಸಹಾಯ ಬೇಕು: ಮಡಿಕೇರಿಯಿಂದ ಥಾರ್‌ಗೆ, ಸಾಂಡಾ ನೋಡೋಕೆ

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ತೋಟದಲ್ಲೇ ಮಲಬಾರ್ ಗುಳಿಮಂಡಲ ಹಾವು ನೋಡಿ ಬೆಳೆದವರು ನಾವು, ಮರಳುಗಾಡಿನ ಹಾವು ಹಲ್ಲಿ ಒಂದನ್ನೂ ಕಂಡಿಲ್ಲ. ಕಾಫಿ ಕುಯ್ಲು ಮುಗಿಸಿ ಮಾರ್ಚ್‌ನಲ್ಲಿ ಮೂವರು ಬೊಲೆರೋದಲ್ಲಿ ಜೈಸಲ್ಮೇರ್‌ಗೆ ಹೊರಟಿದ್ದೇವೆ. ಸಾಂಡಾ ಅಂದರೆ ಮುಳ್ಳುಬಾಲದ ಹಲ್ಲಿ, ಚಳಿಗಾಲವೆಲ್ಲ ಬಿಲದೊಳಗೇ ಮಲಗಿರುತ್ತೆ, ಅದಕ್ಕೇ ಈ ತಿಂಗಳು. (ಕಾಫಿ ಹೂ ಅರಳೋಕೆ ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಯಾರು ಹಾಕೋದು ಅಂತ ಅಪ್ಪ ಗೊಣಗ್ತಿದ್ದಾರೆ!)

3,162 ಚದರ ಕಿ.ಮೀ. ಇರೋ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಪರವಾನಗಿ ಎಲ್ಲಿ ಮಾಡಿಸಬೇಕು? ಜೈಸಲ್ಮೇರ್ ಹತ್ತಿರದ ಖುರಿ ಹಳ್ಳಿ ಕಡೆ ರಾತ್ರಿ ಟಾರ್ಚ್ ಹಿಡಿದು ಜೊತೆಗೆ ಬರೋ ಊರಿನವರು ಸಿಗ್ತಾರಾ? ಗರಗಸ ಮಂಡಲ ಅನ್ನೋ ವಿಷದ ಹಾವು ಮರಳಲ್ಲಿ ಹುದುಗಿ ಕೂರುತ್ತೆ, ನಮ್ಮಲ್ಲೊಬ್ಬ ಎಲ್ಲಿಗೆ ಹೋದರೂ ಹವಾಯಿ ಚಪ್ಪಲಿ, ಭಯ ಅದೇ. ಹಿಡಿಯೋದು ಮುಟ್ಟೋದು ಇಲ್ಲ, ಫೋಟೋ ಮಾತ್ರ. ಹೋಗಿಬಂದವರು ದಯವಿಟ್ಟು ತಿಳಿಸಿ.